ಅಮ್ಮನಿಗೆ ನೈಟ್ ಡ್ಯೂಟಿ, ನಮಗೆ ಪೆಟ್ಟಿಗೆಯೂಟ

ನಮ್ಮ ಅಮ್ಮ ಕಾಸರಗೋಡಿನಿಂದ ಷಿಕಾಗೋಗೆ ಹೋದ ನರ್ಸ್. 1980ರ ದಶಕದಲ್ಲಿ ಅವಳಿಗೆ ನೈಟ್ ಡ್ಯೂಟಿ ಬಂದಾಗಲೆಲ್ಲ ನಾವು ಮೂವರು ಮಕ್ಕಳಿಗೆ ಫ್ರೀಜರಿನ ‘ಟಿ.ವಿ. ಡಿನ್ನರ್’. ಸ್ವಾನ್ಸನ್ ಕಂಪನಿ 1954ರಲ್ಲಿ ಅಮೆರಿಕದಾದ್ಯಂತ ಮಾರಾಟಕ್ಕಿಳಿಸಿದ್ದ ಊಟವದು. ಅಲ್ಯೂಮಿನಿಯಂ ತಟ್ಟೆಯ ಒಂದೊಂದು ಗುಳಿಯಲ್ಲಿ ಟರ್ಕಿ ಕೋಳಿ, ಬಟಾಣಿ, ಆಲೂಗಡ್ಡೆ. ಓವನ್‌ನಲ್ಲಿಟ್ಟು ಅರ್ಧ ಗಂಟೆ ಕಾಯಬೇಕು. ಅಂಚು ಕರಟುತ್ತಿತ್ತು, ನಡುವೆ ತಣ್ಣಗೇ ಇರುತ್ತಿತ್ತು. ನಗಬೇಡಿ, ತಂಗಿಗೆ ಅದೇ ಹಬ್ಬದೂಟ! ಅಮ್ಮ ಮಾತ್ರ ಬೆಳಿಗ್ಗೆ ಬಂದವಳೇ, ಕೋಟು ಸಹ ಕಳಚದೆ, ಖಾಲಿ ತಟ್ಟೆಗಳನ್ನು ಎಣಿಸುತ್ತಿದ್ದಳು.

1986ರಲ್ಲಿ ಮೈಕ್ರೋವೇವಿಗೆಂದು ಪ್ಲಾಸ್ಟಿಕ್ ತಟ್ಟೆ ಬಂತು. ಅಮ್ಮ ಹಳೆಯ ಮೂರು ತಟ್ಟೆಗಳನ್ನು ತೊಳೆದು ತೆಗೆದಿಟ್ಟಳು. ಈಗ ಊರಿನಲ್ಲಿ ಅವುಗಳಲ್ಲೇ ಮೊಮ್ಮಕ್ಕಳಿಗೆ ಕುಚ್ಚಲಕ್ಕಿ ಅನ್ನ, ಮೀನು ಸಾರು ಬಡಿಸುತ್ತಾಳೆ. “ಬಿಸಿ ಉಂಟು, ತಿನ್ನಿ” ಎನ್ನುವಾಗ ಅವಳ ಕಣ್ಣು ಮಾತ್ರ ನಮ್ಮ ಕಡೆಗೆ.