ಬೇಸಿಗೆಗೆ ಮುನ್ನ ಊರಿನ ನೀರಿನ ಟ್ಯಾಂಕರನ್ನು ಬೆಂಕಿ ಆರಿಸಲು ಸಜ್ಜುಗೊಳಿಸಿ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೂ ಸುಗ್ಗಿ ಮುಗಿದು ಬಣವೆ ಒಟ್ಟಿದ ಮೇಲೆ, ಅದಕ್ಕೆ ಬೆಂಕಿ ತಗಲಿದರೆ ಮೊದಲ ಕಾಲು ಗಂಟೆಯಲ್ಲಿ ಯಾರು ಏನು ಮಾಡಬೇಕೆಂದು ಮುಂಚಿತವಾಗಿ ಯೋಚಿಸಿಟ್ಟ ಊರುಗಳು ಕಡಿಮೆ. ಒಂದು ಜೋಡಿ ಎತ್ತಿಗೆ ದಿನಕ್ಕೆ ತಲಾ 6 ಕಿಲೋ ಒಣಹುಲ್ಲೆಂದು ಲೆಕ್ಕ ಹಾಕಿದರೂ ವರ್ಷಕ್ಕೆ 4 ಟನ್ನಿಗಿಂತ ಹೆಚ್ಚು ಹುಲ್ಲು ಬೇಕು. ಅಷ್ಟು ಮೇವು ಅರ್ಧ ಗಂಟೆಯಲ್ಲಿ ಬೂದಿಯಾದರೆ ರೈತನಿಗೆ ಉಳಿಯುವ ದಾರಿ ಎರಡೇ: ಸಾಲ ಮಾಡಿ ಹುಲ್ಲು ಕೊಳ್ಳುವುದು, ಇಲ್ಲವೇ ಎತ್ತುಗಳನ್ನು ಸಂತೆಗೆ ಹೊಡೆಯುವುದು.

ಅಗ್ನಿಶಾಮಕ ಠಾಣೆಗಳು ಹೆಚ್ಚಾಗಿ ತಾಲ್ಲೂಕು ಕೇಂದ್ರಗಳಲ್ಲಿವೆ. 25 ಕಿಲೋಮೀಟರ್ ದೂರದ ಹಳ್ಳಿಗೆ ವಾಹನವು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬಂದರೂ 35 ರಿಂದ 40 ನಿಮಿಷ ಹಿಡಿಯುತ್ತದೆ. ಇದು ಸಿಬ್ಬಂದಿಯ ತಪ್ಪಲ್ಲ, ದೂರದ ಲೆಕ್ಕ. ಆದ್ದರಿಂದ ಅವರು ಬರುವವರೆಗೆ ಬೆಂಕಿಯನ್ನು ಒಂದೇ ಬಣವೆಗೆ ತಡೆದು ನಿಲ್ಲಿಸುವ ಹೊಣೆ ಊರಿನವರದು. ಇದಕ್ಕೆ ಬೇಕಾದ ಮುಖ್ಯ ಸಾಧನ ಈಗ ಬಹುತೇಕ ಊರುಗಳಲ್ಲಿ ಇದ್ದೇ ಇದೆ. ಅದೇ ಟ್ರಾಕ್ಟರಿಗೆ ಕಟ್ಟುವ ನೀರಿನ ಟ್ಯಾಂಕರ್. ಇದನ್ನು ಸಜ್ಜಾಗಿಡುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಟ್ಯಾಂಕರಿನೊಂದಿಗೆ ಪಂಪು ಏಕೆ ಬೇಕು?

ಮದುವೆ ಮನೆಗೂ ಕಟ್ಟಡದ ಕೆಲಸಕ್ಕೂ ನೀರು ಸಾಗಿಸುವ ಟ್ಯಾಂಕರಿನಲ್ಲಿ ನೀರು ತನ್ನ ಭಾರದಿಂದಲೇ ಕೆಳಗೆ ಸುರಿಯುತ್ತದೆ. ಅದಕ್ಕೆ ಬಣವೆಯ ನೆತ್ತಿಯನ್ನು ಮುಟ್ಟುವ ಶಕ್ತಿಯಿಲ್ಲ. ಆದ್ದರಿಂದ ಟ್ರಾಕ್ಟರಿನ ಪಿ.ಟಿ.ಓ. ಶಾಫ್ಟಿನಿಂದ ನಡೆಯುವ ಪಂಪನ್ನಾಗಲಿ, ಪ್ರತ್ಯೇಕ ಎಂಜಿನ್ ಉಳ್ಳ ಚಿಕ್ಕ ಪಂಪನ್ನಾಗಲಿ ಟ್ಯಾಂಕರಿಗೆ ಜೋಡಿಸಿಕೊಳ್ಳಬೇಕು. ಸುಮಾರು 20 ಮೀಟರ್ ಎತ್ತರಕ್ಕೆ ನೀರೆತ್ತಬಲ್ಲ ಪಂಪು ಚದರ ಸೆಂಟಿಮೀಟರಿಗೆ 2 ಕಿಲೋ ಒತ್ತಡ ಕೊಡುತ್ತದೆ. ಊರಿನ ಕೆಲಸಕ್ಕೆ ಇಷ್ಟು ಸಾಕಾಗುವುದು.

ಪೈಪಿನ ತುದಿಯ ಬಾಯಿ ಎಷ್ಟಿರಬೇಕೆಂಬುದು ಮುಖ್ಯ. ಈ ಒತ್ತಡದಲ್ಲಿ 12 ಮಿಲಿಮೀಟರ್ ಬಾಯಿಯಿಂದ ನಿಮಿಷಕ್ಕೆ ಸುಮಾರು 135 ಲೀಟರ್ ನೀರು ಹೊರಬೀಳುತ್ತದೆ. ಆಗ 4,000 ಲೀಟರಿನ ಟ್ಯಾಂಕು ಅರ್ಧ ಗಂಟೆ ಬಾಳುತ್ತದೆ. ಬಾಯಿಯನ್ನು 20 ಮಿಲಿಮೀಟರಿಗೆ ಹಿಗ್ಗಿಸಿದರೆ ನಿಮಿಷಕ್ಕೆ 375 ಲೀಟರಿನಷ್ಟು ಹೋಗಿ, ಅದೇ ಟ್ಯಾಂಕು ಹತ್ತು ಹನ್ನೊಂದು ನಿಮಿಷಕ್ಕೆ ಬರಿದಾಗುತ್ತದೆ. ನಿಮಿಷಕ್ಕೆ 100 ಲೀಟರ್ ಕೊಡುವ ಕೊಳವೆ ಬಾವಿಯಿಂದ ಅದನ್ನು ಮತ್ತೆ ತುಂಬಿಸಲು 40 ನಿಮಿಷ ಬೇಕು. ಆದ್ದರಿಂದ ಸಣ್ಣ ಬಾಯಿಯನ್ನೇ ಬಳಸಿ, ನೀರನ್ನು ಬೇಕಾದ ಕಡೆಗೆ ಮಾತ್ರ ಬಿಡುವುದು ಲೇಸು.

ಕೆರೆಯಿಂದಾಗಲಿ ಕೃಷಿ ಹೊಂಡದಿಂದಾಗಲಿ ನೀರು ಹೀರುವಾಗ ಪಂಪಿನಿಂದ ನೀರಿನ ಮಟ್ಟಕ್ಕೆ 7 ಮೀಟರಿಗಿಂತ ಹೆಚ್ಚು ಆಳವಿರಬಾರದು. ಹೀರುವ ಪಂಪು ನೀರನ್ನು ಎಳೆಯುವುದಿಲ್ಲ. ಪೈಪಿನೊಳಗಿನ ಗಾಳಿ ಕಡಿಮೆಯಾದಾಗ ಹೊರಗಿನ ಗಾಳಿಯ ಒತ್ತಡವೇ ನೀರನ್ನು ಮೇಲಕ್ಕೆ ತಳ್ಳುತ್ತದೆ. ಎಷ್ಟು ಅಶ್ವಶಕ್ತಿಯ ಎಂಜಿನ್ ಕೂಡಿಸಿದರೂ ಈ ಮಿತಿ ಬದಲಾಗದು. ಬಯಲುಸೀಮೆಯ ಆಳವಾದ ಬಾವಿಗಳು ಈ ಕೆಲಸಕ್ಕೆ ಒದಗುವುದಿಲ್ಲವೆಂಬುದನ್ನು ಮೊದಲೇ ತಿಳಿದಿರಬೇಕು. ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿ ಹೊಂಡದ ಅಂಚು ಜಾರುತ್ತದೆ. ರಾತ್ರಿಯ ಗಡಿಬಿಡಿಯಲ್ಲಿ ಅದರೊಳಗೆ ಯಾರೂ ಇಳಿಯಕೂಡದು. ಪೈಪನ್ನು ಹಗ್ಗದಿಂದ ಇಳಿಬಿಟ್ಟು, ಇನ್ನೊಂದು ಹಗ್ಗವನ್ನೂ ಗಾಳಿ ತುಂಬಿದ ಟ್ಯೂಬನ್ನೂ ದಡದಲ್ಲಿ ಇಟ್ಟುಕೊಳ್ಳಬೇಕು.

ವಾರದ ತಪಾಸಣೆ

ಅಗ್ನಿಶಾಮಕ ಠಾಣೆಯಲ್ಲಿ ವಾಹನವು ಹೊರಗೆ ಹೋಗಲಿ ಬಿಡಲಿ, ಅದರ ತಪಾಸಣೆ ಮಾತ್ರ ತಪ್ಪುವುದಿಲ್ಲ. ನೀರಿನ ಟ್ಯಾಂಕು ಸದಾ ತುಂಬಿರುತ್ತದೆ. ಈ ಕ್ರಮವನ್ನು ಊರಿನಲ್ಲಿಯೂ ಅನುಸರಿಸಬಹುದು. ಜನವರಿಯಿಂದ ಮುಂಗಾರು ಹಿಡಿಯುವವರೆಗೆ ವಾರಕ್ಕೊಂದು ದಿನ ಗೊತ್ತುಮಾಡಿಕೊಂಡು ಕೆಳಗಿನವುಗಳನ್ನು ನೋಡಬೇಕು.

1. ಟ್ರಾಕ್ಟರಿನ ಎಂಜಿನ್ ಆಯಿಲ್, ರೇಡಿಯೇಟರ್ ನೀರು, ಡೀಸೆಲ್ ಮತ್ತು ಬ್ಯಾಟರಿ. ತಳ್ಳಿ ಚಾಲೂ ಮಾಡಬೇಕಾದ ಟ್ರಾಕ್ಟರನ್ನು ಬೆಂಕಿಯ ಕೆಲಸಕ್ಕೆ ನಂಬುವಂತಿಲ್ಲ.

2. ಟ್ಯಾಂಕರಿನ ಟೈರುಗಳು. ತುಂಬಿದ ಟ್ಯಾಂಕು ವಾರಗಟ್ಟಲೆ ನಿಂತಲ್ಲೇ ನಿಂತರೆ ಗಾಳಿ ಇಳಿದ ಟೈರಿನ ಪಕ್ಕಗಳು ಬಿರಿಯುತ್ತವೆ. ಗಾಳಿ ನೋಡುವುದರ ಜೊತೆಗೆ ಟ್ಯಾಂಕರನ್ನು ಸ್ವಲ್ಪ ಮುಂದಕ್ಕೆ ಸರಿಸಿ ನಿಲ್ಲಿಸಬೇಕು.

3. ಟ್ರಾಕ್ಟರಿಗೆ ಜೋಡಿಸುವ ಕೊಂಡಿ, ಅದರ ಪಿನ್ನು ಮತ್ತು ಪಿನ್ನು ಜಾರದಂತೆ ತಡೆಯುವ ಕ್ಲಿಪ್ಪು. ಸವೆದ ಪಿನ್ನಿಗೆ ಬದಲಾಗಿ ಕಬ್ಬಿಣದ ಸರಳಿನ ತುಂಡನ್ನು ತುರುಕುವುದು ಅಪಾಯಕರ.

4. ಪಂಪು. ಐದು ನಿಮಿಷ ನಡೆಸಿ, ನೀರು ನಿಜವಾಗಿ ಪೈಪಿನ ತುದಿಯಿಂದ ರಭಸವಾಗಿ ಬರುವುದನ್ನು ಕಣ್ಣಾರೆ ನೋಡಬೇಕು. ನೀರಿಲ್ಲದೆ ಪಂಪನ್ನು ಓಡಿಸಿದರೆ ಸೀಲು ಸುಟ್ಟುಹೋಗುವುದು.

5. ಹೀರುವ ಪೈಪು ಮತ್ತು ಫುಟ್ ವಾಲ್ವ್. ಕ್ಲಾಂಪಿನ ಬಳಿ ಕೂದಲೆಳೆಯಷ್ಟು ಬಿರುಕಿದ್ದರೂ ಗಾಳಿ ಒಳನುಗ್ಗಿ ಪಂಪು ನೀರು ಹಿಡಿಯುವುದಿಲ್ಲ. ಫುಟ್ ವಾಲ್ವಿನ ಜಾಲರಿಯಲ್ಲಿ ಎಲೆ, ಪಾಚಿ ಸಿಕ್ಕಿದ್ದರೆ ತೆಗೆಯಬೇಕು.

6. ನೀರು ಬಿಡುವ ಹೋಸ್ ಪೈಪು. ಒದ್ದೆಯಾದುದನ್ನು ಹಾಗೆಯೇ ಸುತ್ತಿಡಬಾರದು. ನೆರಳಿನಲ್ಲಿ ಒಣಗಿಸಿ, ಇಲಿ ಮುಟ್ಟದ ಕಡೆ ತೂಗುಹಾಕಬೇಕು. ಜೋಡಣೆಯ ವಾಶರುಗಳು ಒಂದೆರಡು ಹೆಚ್ಚಾಗಿಯೇ ಇರಲಿ.

ಇವುಗಳ ಜೊತೆಗೆ ಎರಡು ಬಕೆಟ್, ಎರಡು ಗುದ್ದಲಿ, ಉದ್ದ ಹಿಡಿಯ ಕೊಕ್ಕೆ, ಕೊಡಲಿ ಹಾಗೂ ಟಾರ್ಚ್ ಟ್ಯಾಂಕರಿನಲ್ಲಿಯೇ ಇರಬೇಕು. ತಪಾಸಣೆ ಮಾಡಿದವರು ತಾರೀಖು ಬರೆದು ಸಹಿ ಮಾಡುವ ಒಂದು ಚಿಕ್ಕ ಪುಸ್ತಕವಿದ್ದರೆ ಕೆಲಸ ತಪ್ಪದೆ ನಡೆಯುತ್ತದೆ.

ದಾರಿಯಲ್ಲಿ ಎಚ್ಚರಿಕೆ

ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. 4,000 ಲೀಟರ್ ಎಂದರೆ 4 ಟನ್. ಅದರ ಮೇಲೆ ಟ್ಯಾಂಕರಿನ ಸ್ವಂತ ತೂಕ. ಟ್ರೇಲರಿಗೆ ಬ್ರೇಕು ಇಲ್ಲದಿದ್ದರೆ ಇಷ್ಟನ್ನೂ ಟ್ರಾಕ್ಟರಿನ ಬ್ರೇಕೊಂದೇ ತಡೆಯಬೇಕಾಗುತ್ತದೆ. ಅರ್ಧ ತುಂಬಿದ ಟ್ಯಾಂಕು ಪೂರ್ತಿ ತುಂಬಿದ್ದಕ್ಕಿಂತ ಮೋಸದ್ದು. ಒಳಗಿನ ನೀರು ತಿರುವಿನಲ್ಲಿ ಹೊರಬದಿಗೆ ನುಗ್ಗಿ ಟ್ಯಾಂಕರನ್ನು ಮಗುಚುತ್ತದೆ. ಹೊಸದಾಗಿ ಟ್ಯಾಂಕರ್ ಮಾಡಿಸುವವರು ಒಳಗೆ ರಂಧ್ರಗಳುಳ್ಳ ಅಡ್ಡ ತಗಡುಗಳನ್ನು ಹಾಕಿಸಬೇಕು. ಇವು ನೀರಿನ ಹೊಯ್ದಾಟವನ್ನು ಕಡಿಮೆ ಮಾಡುತ್ತವೆ. ಬೆಂಕಿಯ ಅವಸರದಲ್ಲಿ ಹುಡುಗರು ಮಡ್‌ಗಾರ್ಡಿನ ಮೇಲೆ, ಕೊಂಡಿಯ ಮೇಲೆ, ಟ್ಯಾಂಕಿನ ಮೇಲೆ ಹತ್ತಿ ನಿಲ್ಲುವುದುಂಟು. ಚಾಲಕನು ಅವರನ್ನು ಇಳಿಸದೆ ಟ್ರಾಕ್ಟರನ್ನು ಕದಲಿಸಬಾರದು. ಬಣವೆ ಉಳಿಸಲು ಹೋಗಿ ಮನೆಯ ಮಗನನ್ನು ಕಳೆದುಕೊಳ್ಳುವಂತಾಗಬಾರದು.

ರಸ್ತೆಯ ಮೇಲೆ ರಾಗಿ, ಹುರುಳಿ ಹರಡಿ ಒಕ್ಕಣೆ ಮಾಡುವ ರೂಢಿಯನ್ನು ಈ ದೃಷ್ಟಿಯಿಂದಲೂ ಬಿಡಬೇಕು. ಹುರುಳಿ ಬಳ್ಳಿ ವಾಹನದ ಅಡಿಯ ಶಾಫ್ಟಿಗೆ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಗಲಿ ಹೊತ್ತಿಕೊಳ್ಳುತ್ತದೆ. ಬೆಂಕಿ ಆರಿಸಲು ಬರುವ ವಾಹನವೇ ಹೀಗೆ ಅಪಾಯಕ್ಕೆ ಸಿಕ್ಕಬಹುದು.

ಬೆಂಕಿಯ ಬಳಿ

ಮೊದಲು 101 ಅಥವಾ 112ಕ್ಕೆ ಫೋನ್ ಮಾಡಿ, ಆಮೇಲೆ ಟ್ಯಾಂಕರ್ ಹೊರಡಿಸಬೇಕು. ನಾವೇ ಆರಿಸಿಬಿಡುತ್ತೇವೆಂದು ಕಾದು ನೋಡುವುದು ದೊಡ್ಡ ತಪ್ಪು. ಊರಿನ ಹೆಸರು, ಯಾವ ರಸ್ತೆಯಿಂದ ಬರಬೇಕು, ಉರಿಯುತ್ತಿರುವುದೇನು, ಹತ್ತಿರದಲ್ಲಿ ನೀರು ಎಲ್ಲಿದೆ, ಇಷ್ಟನ್ನು ನಿಧಾನವಾಗಿ ಹೇಳಬೇಕು. ಮುಖ್ಯ ರಸ್ತೆಯ ಕೂಡುದಾರಿಗೆ ಒಬ್ಬರನ್ನು ಟಾರ್ಚ್ ಕೊಟ್ಟು ಕಳುಹಿಸಬೇಕು.

ಟ್ಯಾಂಕರನ್ನು ಗಾಳಿ ಬೀಸಿಬರುವ ಕಡೆ, ಬೆಂಕಿಯಿಂದ 20-25 ಮೀಟರಾದರೂ ದೂರದಲ್ಲಿ, ಮುಖ ಹೊರದಾರಿಯ ಕಡೆಗಿರುವಂತೆ ನಿಲ್ಲಿಸಬೇಕು. ವಿದ್ಯುತ್ ತಂತಿಯ ಕೆಳಗೆ ನಿಲ್ಲಿಸಬಾರದು. ಹ್ಯಾಂಡ್ ಬ್ರೇಕ್ ಹಾಕಿ, ಗಾಲಿಗಳಿಗೆ ಕಲ್ಲು ಕೊಡಬೇಕು. ಪಿ.ಟಿ.ಓ. ಶಾಫ್ಟು ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಪಂಚೆಯ ಚುಂಗಾಗಲಿ ಹೆಗಲ ಟವೆಲ್ಲಾಗಲಿ ಅದಕ್ಕೆ ಸಿಕ್ಕರೆ ಬಿಡಿಸಿಕೊಳ್ಳಲು ಸಮಯವಿರುವುದಿಲ್ಲ. ಶಾಫ್ಟಿನ ಕವಚ ಸರಿಯಾಗಿದ್ದರೆ ಮಾತ್ರ ಪಂಪು ನಡೆಸಬೇಕು. ಅದನ್ನು ದಾಟಿ ಯಾರೂ ಓಡಾಡಕೂಡದು.

ಕಡಿದುಬಿದ್ದ ತಂತಿಯಿದ್ದರೆ, ಅಥವಾ ಕರೆಂಟ್ ಇರುವ ಮನೆ ಉರಿಯುತ್ತಿದ್ದರೆ, ವಿದ್ಯುತ್ ನಿಲ್ಲಿಸುವವರೆಗೆ ನೀರು ಹಾಯಿಸಬಾರದು. ನೀರಿನ ಧಾರೆಯ ಮೂಲಕ ವಿದ್ಯುತ್ ಪೈಪು ಹಿಡಿದವರಿಗೆ ಹರಿಯಬಹುದು. 1912ಕ್ಕೂ ಊರಿನ ಲೈನ್‌ಮನ್‌ಗೂ ಕೂಡಲೇ ತಿಳಿಸಬೇಕು.

ಹೊತ್ತಿಕೊಂಡ ಬಣವೆಗಿಂತ ಮೊದಲು ಅದರ ಪಕ್ಕದ ಬಣವೆಯನ್ನೂ ಕೊಟ್ಟಿಗೆಯ ಮಾಡನ್ನೂ ತೋಯಿಸಬೇಕು. ಪೂರ್ತಿ ಹತ್ತಿಕೊಂಡ ಬಣವೆ ಹೇಗೂ ಹೋದಂತೆಯೇ. ಉಳಿಸಬೇಕಾದುದು ಉಳಿದಿರುವುದನ್ನು. ಈ ನಿರ್ಧಾರ ಬಣವೆಯ ಒಡೆಯನಿಗೆ ಕಷ್ಟವಾದುದರಿಂದ ಊರಿನವರು ಇದನ್ನು ಮುಂಚೆಯೇ ಕೂತು ಮಾತನಾಡಿಕೊಂಡಿರಬೇಕು. ದನಗಳ ಹಗ್ಗವನ್ನು ಕೂಡಲೇ ಕೊಯ್ದು ಬಿಡಬೇಕು.

ಉರಿಯುತ್ತಿರುವ ಬಣವೆಯ ಮೇಲೆ ಎಂದಿಗೂ ಹತ್ತಬಾರದು. ಒಳಗೆ ಸುಟ್ಟು ಪೊಳ್ಳಾಗಿ, ಮೇಲೆ ಹುಲ್ಲು ಹಾಗೆಯೇ ಇರುತ್ತದೆ. ಕಾಲಿಟ್ಟವರು ಕೆಂಡದೊಳಕ್ಕೆ ಕುಸಿಯುತ್ತಾರೆ. ಒತ್ತಾಗಿ ಒಟ್ಟಿದ ಹುಲ್ಲಿನ ಮೇಲೆ ನೀರು ಜಾರಿಹೋಗುವುದರಿಂದ ಜ್ವಾಲೆ ತಗ್ಗಿದ ಬಳಿಕ ಉದ್ದ ಕೊಕ್ಕೆಯಿಂದ ಪದರ ಪದರವಾಗಿ ಎಳೆದು ಹರಡಿ ತೋಯಿಸಬೇಕು. ಎರಡು ದಿನ ಕಾವಲು ಇರಬೇಕು. ಆರಿತೆಂದುಕೊಂಡ ಕೆಂಡ ರಾತ್ರಿಯ ಗಾಳಿಗೆ ಮತ್ತೆ ಹೊತ್ತುತ್ತದೆ. ಕೀಟನಾಶಕ ಇಟ್ಟ ಕೋಣೆ ಉರಿಯುತ್ತಿದ್ದರೆ ಅದರ ಹೊಗೆ ವಿಷ. ಜನರನ್ನು ದೂರ ಸರಿಸಿ, ಠಾಣೆಯವರಿಗೆ ವಿಷಯ ತಿಳಿಸಬೇಕು.

ಅಗ್ನಿಶಾಮಕ ವಾಹನಕ್ಕೆ ದಾರಿ

ಠಾಣೆಯಿಂದ ಬರುವ ದೊಡ್ಡ ವಾಹನದಲ್ಲಿ ಸಾಮಾನ್ಯವಾಗಿ 4,500 ಲೀಟರ್ ನೀರಿದ್ದು, ಒಟ್ಟು ತೂಕ 10 ಟನ್ನಿಗೂ ಮೀರಬಹುದು. ಕಣದ ದಾರಿಯ ಚಪ್ಪಡಿ ಮೋರಿ ಈ ಭಾರವನ್ನು ತಡೆಯುವುದೇ? ದಾರಿಯಲ್ಲಿ ನಾಲ್ಕು ಮೀಟರ್ ಅಗಲ ಬಿಟ್ಟಿದೆಯೇ? ಜೋಲುಬಿದ್ದ ತಂತಿಯಿದೆಯೇ? ಗ್ರಾಮ ಪಂಚಾಯಿತಿಯವರೂ ರೈತರೂ ಕೂಡಿ ಒಮ್ಮೆ ನಡೆದು ನೋಡಿದರೆ ತಿಳಿಯುವುದು. ದಾರಿಯಿಲ್ಲದ ಕಡೆ ಬಣವೆ ಒಟ್ಟಬಾರದು. ಇಡೀ ಊರಿನ ಹುಲ್ಲನ್ನು ಒಂದಕ್ಕೊಂದು ತಾಗಿಸಿ ಒಟ್ಟುವುದಕ್ಕಿಂತ ಎರಡು ಮೂರು ಕಡೆ ಹಂಚಿ ಒಟ್ಟುವುದು ಕ್ಷೇಮ.

ವರ್ಷಕ್ಕೊಮ್ಮೆ ತಾಲೀಮು

1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಹತ್ತಿಯ ಬೇಲುಗಳನ್ನೂ ಸ್ಫೋಟಕಗಳನ್ನೂ ಹೇರಿಕೊಂಡಿದ್ದ ಹಡಗಿಗೆ ಬೆಂಕಿ ಬಿದ್ದು ಸ್ಫೋಟವಾಯಿತು. ಆರಿಸಲು ಹೋದ ಅಗ್ನಿಶಾಮಕ ಸಿಬ್ಬಂದಿಯಲ್ಲಿ ಅನೇಕರು ಪ್ರಾಣ ತೆತ್ತರು. ಅವರ ನೆನಪಿಗಾಗಿ ಏಪ್ರಿಲ್ 14ರಿಂದ 20ರವರೆಗೆ ದೇಶದಾದ್ಯಂತ ಅಗ್ನಿಶಾಮಕ ಸೇವಾ ಸಪ್ತಾಹವನ್ನು ಆಚರಿಸಲಾಗುತ್ತದೆ. ನಮ್ಮ ಬಿರುಬೇಸಿಗೆಯೂ ಅದೇ ಸಮಯ. ವಿಸ್ತರಣಾ ಕಾರ್ಯಕರ್ತರು ಆ ವಾರದಲ್ಲಿ ಠಾಣೆಯವರನ್ನು ಊರಿಗೆ ಕರೆಸಿ ತಾಲೀಮು ಏರ್ಪಡಿಸಬಹುದು. ಟ್ರಾಕ್ಟರ್ ನಡೆಸುವವರು ಇಬ್ಬರು, ಪಂಪು ಬಲ್ಲವರು ಇಬ್ಬರು, ಪೈಪು ಹಿಡಿಯುವವರು ನಾಲ್ವರು, ಫೋನ್ ಮಾಡಿ ದಾರಿ ತೋರುವವರು ಒಬ್ಬರು, ಹೀಗೆ ಒಂಬತ್ತು ಜನರ ಹೆಸರನ್ನು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಬರೆಸಬೇಕು. ಡೀಸೆಲ್ ಖರ್ಚನ್ನು ಯಾರು ಕೊಡಬೇಕೆಂಬುದನ್ನೂ ಅಂದೇ ತೀರ್ಮಾನಿಸುವುದು ಒಳ್ಳೆಯದು. ಬೆಂಕಿ ಬಿದ್ದ ರಾತ್ರಿ ಆ ಚರ್ಚೆಗೆ ಸಮಯವಿರುವುದಿಲ್ಲ.