ಜಾಲತಾಣದ ನಮೂನೆಯಲ್ಲಿ ಬರುವ ಬೇಡಿಕೆ: ಸರ್ವರ್‌ನಲ್ಲಿ ನಡೆಯಬೇಕಾದ ಕೆಲಸ

ವ್ಯಾಪಾರ ಸಂಸ್ಥೆಗಳ ಜಾಲತಾಣಗಳಲ್ಲಿ ‘ವಿಚಾರಣೆ’, ‘ದರಪಟ್ಟಿ ಕೋರಿಕೆ’ ಅಥವಾ ‘ಬೇಡಿಕೆ ಸಲ್ಲಿಸಿ’ ಎಂಬ ಶೀರ್ಷಿಕೆಯ ಪುಟವೊಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಗ್ರಾಹಕನು ಅಲ್ಲಿರುವ ಖಾಲಿ ಅಂಕಣಗಳನ್ನು ತುಂಬಿ ಗುಂಡಿಯನ್ನು ಒತ್ತಿದೊಡನೆ ‘ಧನ್ಯವಾದಗಳು’ ಎಂಬ ಸಂದೇಶ ಕಾಣಿಸಿಕೊಳ್ಳುತ್ತದೆ. ಜಾಲತಾಣವನ್ನು ಮಾಡಿಸುವಾಗ ಮಾಲೀಕರು ಪುಟದ ಬಣ್ಣ, ಚಿತ್ರ ಮತ್ತು ಲಾಂಛನಗಳ ಬಗ್ಗೆ ವಹಿಸುವ ಕಾಳಜಿಯನ್ನು ಗುಂಡಿ ಒತ್ತಿದ ಅನಂತರದ ವ್ಯವಹಾರದ ಬಗ್ಗೆ ವಹಿಸುವುದು ಕಡಿಮೆ. ಆದರೆ ಬಂದ ಬೇಡಿಕೆ ಕೈತಪ್ಪುವುದು, ಒಪ್ಪಿದ ದರ ಬದಲಾಗುವುದು, ಗ್ರಾಹಕರ ಪಟ್ಟಿ ಅನ್ಯರ ಕೈಸೇರುವುದು ಇವೆಲ್ಲವೂ ನಡೆಯುವುದು ಕಣ್ಣಿಗೆ ಕಾಣದ ಆ ಭಾಗದಲ್ಲಿಯೇ. ಆದುದರಿಂದ ತಂತ್ರಾಂಶ ಬರೆಯಲು ಬಾರದ ವರ್ತಕರೂ ಅದರ ಕಾರ್ಯವಿಧಾನವನ್ನು ಸ್ಥೂಲವಾಗಿ ತಿಳಿದಿರುವುದು ಅಗತ್ಯ.

ನಮೂನೆ ಸಾಗುವ ದಾರಿ

ಗ್ರಾಹಕನ ಬ್ರೌಸರ್ ಪ್ರತಿಯೊಂದು ಅಂಕಣದ ಹೆಸರು ಮತ್ತು ಅದರಲ್ಲಿ ತುಂಬಿದ ವಿವರವನ್ನು ಜೋಡಿಯಾಗಿ ಕಟ್ಟಿ ಸರ್ವರ್‌ಗೆ ರವಾನಿಸುತ್ತದೆ. ಇದಕ್ಕೆ ‘ಗೆಟ್’ ಮತ್ತು ‘ಪೋಸ್ಟ್’ ಎಂಬ ಎರಡು ವಿಧಾನಗಳಿವೆ. ಗೆಟ್ ವಿಧಾನದಲ್ಲಿ ವಿವರಗಳು ಜಾಲವಿಳಾಸದ ತುದಿಗೆ ಅಂಟಿಕೊಂಡು ಹೋಗುತ್ತವೆ. ಅವು ಬ್ರೌಸರ್‌ನ ಚರಿತ್ರೆಯಲ್ಲಿಯೂ ಸರ್ವರ್‌ನ ದಿನಚರಿ ಕಡತದಲ್ಲಿಯೂ ಉಳಿದುಬಿಡುವುದರಿಂದ ಸರಕುಗಳ ಹುಡುಕಾಟದಂತಹ ಕೆಲಸಕ್ಕೆ ಮಾತ್ರ ಈ ವಿಧಾನ ತಕ್ಕುದು. ಬೇಡಿಕೆ, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಪೋಸ್ಟ್ ವಿಧಾನದಲ್ಲಿ ಕಳುಹಿಸಬೇಕು. ಅಷ್ಟರಿಂದಲೇ ಅವು ಗೋಪ್ಯವಾಗುವುದಿಲ್ಲ. ದಾರಿಯಲ್ಲಿ ಯಾರೂ ಓದದಂತಿರಬೇಕಾದರೆ ಜಾಲತಾಣವು ಎಚ್‌ಟಿಟಿಪಿಎಸ್ ಮೂಲಕವೇ ನಡೆಯಬೇಕು.

ಸರ್ವರ್ ತಲುಪಿದ ವಿವರಗಳನ್ನು ಒಂದು ಕ್ರಮವಿಧಿಗೆ ಒಪ್ಪಿಸುವ ಪದ್ಧತಿಯು 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ಸಿಜಿಐ ಎಂಬ ಹೆಸರಿನಿಂದ ರೂಪುಗೊಂಡಿತು. 1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಬಿಡುಗಡೆ ಮಾಡಿದ ಪಿಎಚ್‌ಪಿ ಈ ಕೆಲಸವನ್ನು ಇನ್ನಷ್ಟು ಸುಲಭಗೊಳಿಸಿತು. ಅದರ ಆರಂಭದ ಆವೃತ್ತಿಯೊಂದನ್ನು ಪಿಎಚ್‌ಪಿ/ಎಫ್‌ಐ ಎಂದು ಕರೆಯಲಾಗುತ್ತಿತ್ತು. ಎಫ್‌ಐ ಎಂದರೆ ಫಾರ್ಮ್ ಇಂಟರ್‌ಪ್ರಿಟರ್. ನಮೂನೆಗಳನ್ನು ನಿರ್ವಹಿಸುವುದೇ ಆ ಭಾಷೆಯ ಮೂಲ ಉದ್ದೇಶಗಳಲ್ಲಿ ಒಂದಾಗಿತ್ತು ಎಂಬುದು ಇದರಿಂದ ತಿಳಿಯುತ್ತದೆ. ಇಂದು ಪೈಥಾನ್, ಜಾವಾ ಮೊದಲಾದ ಭಾಷೆಗಳೂ ಬಳಕೆಯಲ್ಲಿವೆ. ಭಾಷೆ ಯಾವುದೇ ಆಗಿರಲಿ, ಮುಂದೆ ವಿವರಿಸಿರುವ ನಿಯಮಗಳು ಎಲ್ಲಕ್ಕೂ ಸಮಾನವಾಗಿ ಅನ್ವಯಿಸುತ್ತವೆ.

ದರವನ್ನು ಗ್ರಾಹಕನಿಂದ ಪಡೆಯಬಾರದು

ಅಂಕಣವೊಂದನ್ನು ಖಾಲಿ ಬಿಟ್ಟರೆ ‘ಇದನ್ನು ತುಂಬಿರಿ’ ಎಂದು ಬ್ರೌಸರ್ ತಕ್ಷಣವೇ ತಿಳಿಸುವುದುಂಟು. ಇದು ಗ್ರಾಹಕನ ಅನುಕೂಲಕ್ಕಾಗಿ ಒದಗಿಸಿದ ಸೌಲಭ್ಯವೇ ಹೊರತು ರಕ್ಷಣೆಯಲ್ಲ. ಪುಟವನ್ನು ತೆರೆಯದೆಯೇ ನೇರವಾಗಿ ಸರ್ವರ್‌ಗೆ ವಿವರಗಳನ್ನು ಕಳುಹಿಸಬಲ್ಲ ಉಪಕರಣಗಳು ಉಚಿತವಾಗಿ ದೊರೆಯುತ್ತವೆ. ಆದುದರಿಂದ ಬ್ರೌಸರ್‌ನಲ್ಲಿ ಮಾಡಿದ ಪ್ರತಿಯೊಂದು ಪರಿಶೀಲನೆಯನ್ನೂ ಸರ್ವರ್‌ನಲ್ಲಿ ಮತ್ತೊಮ್ಮೆ ಮಾಡಲೇಬೇಕು.

ಉದಾಹರಣೆಗೆ, ಬೆಳಗಾವಿಯ ಒಂದು ಎರಕದ ಘಟಕವು ತನ್ನ ಜಾಲತಾಣದಲ್ಲಿ ಬಿಡಿಭಾಗವೊಂದನ್ನು ತಲಾ 120 ರೂಪಾಯಿಗೆ ಮಾರುತ್ತದೆ ಎಂದು ಭಾವಿಸಬಹುದು. ಅದರ ನಮೂನೆಯಲ್ಲಿ ದರವನ್ನು ಕಾಣದ ಅಂಕಣವಾಗಿ ಇರಿಸಿ, ಅದು ಮರಳಿ ಬಂದಾಗ ಪ್ರಮಾಣದಿಂದ ಗುಣಿಸುವ ವ್ಯವಸ್ಥೆ ಇದೆ ಎನ್ನೋಣ. ಕಾಣದ ಅಂಕಣವು ಪರದೆಯ ಮೇಲೆ ಮಾತ್ರ ಕಾಣದು. ಬ್ರೌಸರ್‌ನ ಸಾಧನಗಳಿಂದ ಅದನ್ನು ತೆರೆದು ತಿದ್ದಬಹುದು. ಕಿಡಿಗೇಡಿಯೊಬ್ಬನು 120ನ್ನು 12 ಎಂದು ತಿದ್ದಿ 500 ಬಿಡಿಭಾಗಗಳನ್ನು ಕೋರಿದರೆ, 60,000 ರೂಪಾಯಿ ಮೌಲ್ಯದ ಸರಕಿಗೆ 6,000 ರೂಪಾಯಿಯ ಬಿಲ್ಲು ಸಿದ್ಧವಾಗುತ್ತದೆ. ಪ್ರಮಾಣದ ಅಂಕಣದಲ್ಲಿ ಋಣ ಸಂಖ್ಯೆಯನ್ನು ತುಂಬಿ ಒಟ್ಟು ಮೊತ್ತವನ್ನು ಇಳಿಸುವುದು ಇದೇ ಜಾತಿಯ ಇನ್ನೊಂದು ತಂತ್ರ.

ಇದಕ್ಕೆ ಪರಿಹಾರ ಸರಳವಾಗಿದೆ. ನಮೂನೆಯಿಂದ ಸರಕಿನ ಸಂಕೇತ ಮತ್ತು ಪ್ರಮಾಣವನ್ನು ಮಾತ್ರ ಸ್ವೀಕರಿಸಬೇಕು. ಪ್ರಮಾಣವು ಒಂದಕ್ಕಿಂತ ಕಡಿಮೆಯಿಲ್ಲದ ಪೂರ್ಣಾಂಕವೇ, ಗರಿಷ್ಠ ಮಿತಿಯೊಳಗಿದೆಯೇ ಎಂದು ನೋಡಬೇಕು. ದರ, ರಿಯಾಯಿತಿ ಮತ್ತು ತೆರಿಗೆಯನ್ನು ಸಂಸ್ಥೆಯ ಸ್ವಂತ ದತ್ತಾಂಶ ಕೋಶದಿಂದಲೇ ಪಡೆಯಬೇಕು. ಹಣ ಸಂದಾಯದ ವಿಷಯದಲ್ಲಿಯೂ ಇದೇ ನಿಯಮ: ‘ಸಂದಾಯ ಯಶಸ್ವಿ’ ಎಂದು ಗ್ರಾಹಕನ ಬ್ರೌಸರ್ ಹೇಳಿದ್ದನ್ನು ನಂಬದೆ, ಸಂದಾಯ ಸೇವೆಯವರ ಸರ್ವರ್‌ನಿಂದಲೇ ಖಚಿತಪಡಿಸಿಕೊಂಡ ಬಳಿಕ ಸರಕನ್ನು ರವಾನಿಸಬೇಕು.

ವಿವರಗಳ ಪರಿಶೀಲನೆ

2017ರ ಜುಲೈ 1ರಂದು ಜಾರಿಗೆ ಬಂದ ಜಿಎಸ್‌ಟಿ ಪದ್ಧತಿಯಲ್ಲಿ ನೋಂದಣಿ ಸಂಖ್ಯೆಯು 15 ಅಕ್ಷರಾಂಕಗಳದ್ದು. ಮೊದಲ ಎರಡು ಅಂಕಿಗಳು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಅನಂತರದ ಹತ್ತು ಪ್ಯಾನ್ ಸಂಖ್ಯೆ. ಕೊನೆಯದು ಹಿಂದಿನ ಹದಿನಾಲ್ಕರಿಂದ ಲೆಕ್ಕ ಹಾಕಿ ಪಡೆಯುವ ತಾಳೆ ಅಕ್ಷರಾಂಕ. ಟೈಪು ಮಾಡುವಾಗ ಒಂದು ಅಕ್ಷರ ತಪ್ಪಿದ್ದರೆ ಈ ತಾಳೆಯಿಂದ ಕ್ರಮವಿಧಿಯು ಅದನ್ನು ಅಲ್ಲಿಯೇ ಪತ್ತೆ ಹಚ್ಚಬಲ್ಲದು. ತಪ್ಪು ಸಂಖ್ಯೆಯಲ್ಲಿ ಬಿಲ್ಲು ಮಾಡಿದರೆ ಖರೀದಿದಾರನಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯದೆ ತಕರಾರು ಹುಟ್ಟುವುದರಿಂದ ಈ ಪರಿಶೀಲನೆ ಲಾಭದಾಯಕ. ಆದರೆ ತಾಳೆ ಸರಿಯಾಗಿದ್ದ ಮಾತ್ರಕ್ಕೆ ನೋಂದಣಿ ಚಾಲ್ತಿಯಲ್ಲಿದೆ ಎಂದಾಗುವುದಿಲ್ಲ; ಅದನ್ನು ಜಿಎಸ್‌ಟಿ ಜಾಲತಾಣದಲ್ಲಿಯೇ ನೋಡಿಕೊಳ್ಳಬೇಕು. ಪಿನ್ ಕೋಡ್ ಆರು ಅಂಕಿಗಳದ್ದಾಗಿದ್ದು ಸೊನ್ನೆಯಿಂದ ಆರಂಭವಾಗುವುದಿಲ್ಲ.

ಕನ್ನಡದಲ್ಲಿ ತುಂಬುವ ಗ್ರಾಹಕರಿಗಾಗಿ ವಿಶೇಷ ಎಚ್ಚರ ಬೇಕು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತವು ಮೂರು ಬೈಟ್‌ಗಳನ್ನು ಆಕ್ರಮಿಸುತ್ತದೆ. ‘ಶ್ರೀನಿವಾಸ’ ಎಂಬ ಹೆಸರು ಕಣ್ಣಿಗೆ ನಾಲ್ಕು ಅಕ್ಷರವಾದರೂ ಗಣಕಯಂತ್ರಕ್ಕೆ ಅದು ಒಂಬತ್ತು ಸಂಕೇತಗಳು, 27 ಬೈಟ್‌ಗಳು. ಉದ್ದವನ್ನು ಬೈಟ್‌ಗಳಲ್ಲಿ ಎಣಿಸಿ 25ಕ್ಕೆ ಮಿತಿ ಹಾಕಿದ ಕ್ರಮವಿಧಿಯು ಈ ಹೆಸರನ್ನು ತಿರಸ್ಕರಿಸುತ್ತದೆ ಅಥವಾ ತುಂಡರಿಸುತ್ತದೆ. ಕೆಲವರು ದೂರವಾಣಿ ಸಂಖ್ಯೆಯನ್ನು ಕನ್ನಡ ಅಂಕಿಗಳಲ್ಲಿ ತುಂಬುತ್ತಾರೆ. ಅಂತಹವರನ್ನು ಹಿಂದಕ್ಕೆ ಕಳುಹಿಸದೆ ಅಂಕಿಗಳನ್ನು ಸರ್ವರ್‌ನಲ್ಲಿಯೇ ಪರಿವರ್ತಿಸಿಕೊಳ್ಳುವುದು ಲೇಸು. ಮೈಎಸ್‌ಕ್ಯುಎಲ್ ದತ್ತಾಂಶ ಕೋಶದ ಹಳೆಯ ‘ಯುಟಿಎಫ್8’ ವ್ಯವಸ್ಥೆಯು ಮೂರು ಬೈಟ್‌ಗಳವರೆಗಿನ ಸಂಕೇತಗಳನ್ನು ಮಾತ್ರ ಹಿಡಿಯಬಲ್ಲದು. ಕನ್ನಡಕ್ಕೆ ಅಷ್ಟು ಸಾಕು. ಆದರೆ ಗ್ರಾಹಕನು ಸಂದೇಶದ ಕೊನೆಗೆ ನಾಲ್ಕು ಬೈಟ್‌ಗಳ ಒಂದು ಎಮೋಜಿಯನ್ನು ಸೇರಿಸಿದರೆ ಇಡೀ ದಾಖಲೆಯೇ ನಿರಾಕರಣೆಗೆ ಒಳಗಾಗಬಹುದು. 2010ರಲ್ಲಿ ಬಂದ ‘ಯುಟಿಎಫ್8ಎಂಬಿ4’ ಈ ತೊಡಕನ್ನು ನಿವಾರಿಸಿದೆ.

ಯಾವುದೇ ಅಂಕಣದಲ್ಲಿ ತಪ್ಪು ಕಂಡುಬಂದರೆ ಗ್ರಾಹಕನು ತುಂಬಿದ ಉಳಿದ ವಿವರಗಳನ್ನು ಹಾಗೆಯೇ ಉಳಿಸಿ, ತಪ್ಪಾದ ಅಂಕಣವನ್ನು ಮಾತ್ರ ಗುರುತಿಸಿ ತೋರಿಸಬೇಕು. ಇಪ್ಪತ್ತು ಅಂಕಣಗಳನ್ನು ಎರಡನೆಯ ಬಾರಿ ತುಂಬುವ ತಾಳ್ಮೆ ಎಲ್ಲ ಗ್ರಾಹಕರಿಗೂ ಇರುವುದಿಲ್ಲ.

ವಿವರವು ಆಜ್ಞೆಯಾಗಿ ಬದಲಾಗುವ ಅಪಾಯ

ನಮೂನೆಗಳಿಗೆ ಸಂಬಂಧಿಸಿದ ಅತ್ಯಂತ ಗಂಭೀರ ದೋಷವೆಂದರೆ ಎಸ್‌ಕ್ಯುಎಲ್ ಇಂಜೆಕ್ಷನ್. ವ್ಯವಸ್ಥಾಪಕರೊಬ್ಬರು ಗೋದಾಮಿನ ಗುಮಾಸ್ತನಿಗೆ ‘ಪತ್ರ ತಂದಿರುವ ಇವರಿಗೆ ಒಂದು ಮೂಟೆ ಕೊಡಿ’ ಎಂದು ಚೀಟಿ ಬರೆಯುವಾಗ ‘ಇವರ’ ಹೆಸರನ್ನು ಬಂದವನೇ ತುಂಬಲಿ ಎಂದು ಜಾಗ ಬಿಟ್ಟರು ಎನ್ನೋಣ. ಬಂದವನು ತನ್ನ ಹೆಸರಿನ ಜೊತೆಗೆ ‘ಹಾಗೂ ಗೋದಾಮಿನ ಬೀಗದ ಕೈಯನ್ನೂ ಕೊಡಿ’ ಎಂದು ಸೇರಿಸಿದರೆ ಗುಮಾಸ್ತನಿಗೆ ಯಾವುದು ವ್ಯವಸ್ಥಾಪಕರ ಮಾತು, ಯಾವುದು ಬಂದವನ ಮಾತು ಎಂಬುದು ತಿಳಿಯುವುದಿಲ್ಲ. ಗ್ರಾಹಕನು ತುಂಬಿದ ಪದಗಳನ್ನು ದತ್ತಾಂಶ ಕೋಶಕ್ಕೆ ನೀಡುವ ಆಜ್ಞೆಯೊಳಗೆ ಹಾಗೆಯೇ ಅಂಟಿಸಿದಾಗಲೂ ಇದೇ ಆಗುತ್ತದೆ.

ಈ ದೋಷವು 1998ರಲ್ಲಿಯೇ ಸಾರ್ವಜನಿಕವಾಗಿ ಚರ್ಚಿತವಾಗಿದ್ದರೂ ಅದರಿಂದಾದ ನಷ್ಟಗಳು ಮುಂದುವರಿದವು. ಅಮೆರಿಕದ ಹಾರ್ಟ್‌ಲ್ಯಾಂಡ್ ಪೇಮೆಂಟ್ ಸಿಸ್ಟಮ್ಸ್ ಸಂಸ್ಥೆಯು ತನ್ನ ಜಾಲಕ್ಕೆ ಕನ್ನ ಬಿದ್ದಿರುವುದನ್ನು 2009ರ ಜನವರಿಯಲ್ಲಿ ಪ್ರಕಟಿಸಿತು. ಆ ಸಂಸ್ಥೆಯೂ ಸೇರಿದಂತೆ ಕೆಲವು ಕಂಪನಿಗಳಿಂದ 13 ಕೋಟಿಗೂ ಹೆಚ್ಚು ಕಾರ್ಡ್‌ಗಳ ಸಂಖ್ಯೆಗಳು ಕಳವಾದವೆಂದು ಅಲ್ಲಿನ ನ್ಯಾಯ ಇಲಾಖೆ ಆರೋಪಿಸಿತು. ಬ್ರಿಟನ್ನಿನ ದೂರಸಂಪರ್ಕ ಸಂಸ್ಥೆ ಟಾಕ್‌ಟಾಕ್‌ನ ಜಾಲಪುಟಗಳ ಮೂಲಕ 2015ರ ಅಕ್ಟೋಬರ್‌ನಲ್ಲಿ 1,56,959 ಗ್ರಾಹಕರ ವಿವರಗಳು ಸೋರಿದವು. ಆ ಪುಟಗಳು ಟಾಕ್‌ಟಾಕ್ 2009ರಲ್ಲಿ ಖರೀದಿಸಿದ್ದ ಇನ್ನೊಂದು ಉದ್ಯಮದಿಂದ ಬಂದ ಹಳೆಯ ಪುಟಗಳಾಗಿದ್ದವು. ಮರುವರ್ಷ ಅಲ್ಲಿನ ಮಾಹಿತಿ ಆಯುಕ್ತರ ಕಚೇರಿ 4 ಲಕ್ಷ ಪೌಂಡ್ ದಂಡ ವಿಧಿಸಿತು. ಬಳಕೆಯಲ್ಲಿಲ್ಲದ ಹಳೆಯ ನಮೂನೆಗಳನ್ನು ಸರ್ವರ್‌ನಿಂದ ತೆಗೆದುಹಾಕಬೇಕೆಂಬುದು ಈ ಪ್ರಕರಣದ ಪಾಠ.

ಪರಿಹಾರವಾಗಿ ‘ಪ್ರಿಪೇರ್ಡ್ ಸ್ಟೇಟ್‌ಮೆಂಟ್’ ಎಂಬ ವಿಧಾನವಿದೆ. ಇದರಲ್ಲಿ ಆಜ್ಞೆಯನ್ನು ಮೊದಲೇ ಸಿದ್ಧಪಡಿಸಿ ಕಳುಹಿಸಿ, ಗ್ರಾಹಕನ ವಿವರವನ್ನು ಬೇರೆಯಾಗಿ ಒಪ್ಪಿಸಲಾಗುತ್ತದೆ. ಹೀಗಾಗಿ ವಿವರವು ಎಂದಿಗೂ ಆಜ್ಞೆಯಾಗದು. ಪಿಎಚ್‌ಪಿ ಭಾಷೆಯಲ್ಲಿ ಈ ಸೌಲಭ್ಯವಿಲ್ಲದ ಹಳೆಯ ಮೈಎಸ್‌ಕ್ಯುಎಲ್ ಆದೇಶಗಳನ್ನು 2015ರ ಡಿಸೆಂಬರ್‌ನಲ್ಲಿ ಬಂದ 7ನೆಯ ಆವೃತ್ತಿಯಿಂದ ಕೈಬಿಡಲಾಗಿದೆ. ಅಂತೆಯೇ, ಗ್ರಾಹಕನು ಬರೆದುದನ್ನು ಕಚೇರಿಯ ಗಣಕಯಂತ್ರದಲ್ಲಿ ತೋರಿಸುವಾಗ ಅದರಲ್ಲಿನ ಎಚ್‌ಟಿಎಂಎಲ್ ಚಿಹ್ನೆಗಳನ್ನು ನಿಷ್ಕ್ರಿಯಗೊಳಿಸಿಯೇ ತೋರಿಸಬೇಕು. ಇಲ್ಲವಾದರೆ ಅದರೊಳಗೆ ಅಡಗಿಸಿಟ್ಟ ಕ್ರಮವಿಧಿಯು ಗುಮಾಸ್ತನ ಬ್ರೌಸರ್‌ನಲ್ಲಿ ಚಾಲನೆಗೊಳ್ಳುತ್ತದೆ.

ಮೊದಲು ದಾಖಲೆ, ಅನಂತರ ಅಂಚೆ

ಅನೇಕ ಸಣ್ಣ ಜಾಲತಾಣಗಳಲ್ಲಿ ನಮೂನೆಯ ವಿವರವನ್ನು ಎಲ್ಲಿಯೂ ದಾಖಲಿಸದೆ ಮಾಲೀಕರ ಇ-ಅಂಚೆಗೆ ಕಳುಹಿಸಿಬಿಡಲಾಗುತ್ತದೆ. ಪಿಎಚ್‌ಪಿಯ ಅಂಚೆ ಆದೇಶವು ‘ಯಶಸ್ವಿ’ ಎಂದು ಉತ್ತರಿಸಿದರೆ ಪತ್ರವನ್ನು ಡಬ್ಬಿಗೆ ಹಾಕಲಾಗಿದೆ ಎಂದು ಮಾತ್ರ ಅರ್ಥ, ತಲುಪಿದೆ ಎಂದಲ್ಲ. ಗ್ರಾಹಕನ ವಿಳಾಸವನ್ನೇ ಕಳುಹಿಸುವವನ ವಿಳಾಸವಾಗಿ ನಮೂದಿಸುವ ರೂಢಿಯು 2014ರ ಏಪ್ರಿಲ್‌ನಿಂದ ತೊಂದರೆಗೆ ಸಿಲುಕಿತು. ತನ್ನ ಸರ್ವರ್‌ಗಳಿಂದ ಹೊರಡದ, ಆದರೆ ತನ್ನ ವಿಳಾಸ ಹೊತ್ತ ಪತ್ರಗಳನ್ನು ತಿರಸ್ಕರಿಸುವಂತೆ ಯಾಹೂ ಆಗ ಘೋಷಿಸಿತು. 2024ರ ಫೆಬ್ರವರಿಯಿಂದ ಜಿಮೇಲ್ ಸಹ ಕಳುಹಿಸುವವರ ದೃಢೀಕರಣ ನಿಯಮಗಳನ್ನು ಬಿಗಿಗೊಳಿಸಿದೆ. ಹೀಗೆ ‘ಧನ್ಯವಾದಗಳು’ ಎಂದು ಓದಿದ ಗ್ರಾಹಕನು ಉತ್ತರಕ್ಕಾಗಿ ಕಾಯುತ್ತಾ ಕೊನೆಗೆ ಬೇರೆ ಅಂಗಡಿಗೆ ಹೋಗುತ್ತಾನೆ. ಮಾಲೀಕರಿಗೆ ಬೇಡಿಕೆ ಬಂದಿದ್ದುದೇ ತಿಳಿಯುವುದಿಲ್ಲ.

ಆದುದರಿಂದ ವಿವರವನ್ನು ಮೊದಲು ದತ್ತಾಂಶ ಕೋಶದಲ್ಲಿ ದಾಖಲಿಸಿ, ಕ್ರಮಸಂಖ್ಯೆಯನ್ನು ಗ್ರಾಹಕನಿಗೆ ತೋರಿಸಿ, ಅನಂತರವೇ ಅಂಚೆಯನ್ನು ಕಳುಹಿಸಬೇಕು. ಕಳುಹಿಸುವವರ ಸ್ಥಾನದಲ್ಲಿ ಸಂಸ್ಥೆಯ ಸ್ವಂತ ವಿಳಾಸವೂ ಉತ್ತರದ ಸ್ಥಾನದಲ್ಲಿ ಗ್ರಾಹಕನ ವಿಳಾಸವೂ ಇರಬೇಕು. ವಿಳಾಸದ ಅಂಕಣದಲ್ಲಿ ಹೊಸ ಸಾಲಿನ ಚಿಹ್ನೆ ಬಂದರೆ ಅದನ್ನು ತಿರಸ್ಕರಿಸಬೇಕು. ಹಾಗೆ ಮಾಡದಿದ್ದರೆ ಸಂಸ್ಥೆಯ ಹೆಸರಿನಲ್ಲಿ ಸಾವಿರಾರು ಅನಗತ್ಯ ಪತ್ರಗಳನ್ನು ಅನ್ಯರು ಹಂಚಬಲ್ಲರು.

ಇನ್ನೊಂದು ಸಾಮಾನ್ಯ ತೊಂದರೆಯೆಂದರೆ ಪುನರಾವರ್ತನೆ. ಜಾಲದ ವೇಗ ಕಡಿಮೆಯಿದ್ದಾಗ ಗ್ರಾಹಕನು ಗುಂಡಿಯನ್ನು ಎರಡು ಬಾರಿ ಒತ್ತುತ್ತಾನೆ, ಅಥವಾ ಪುಟವನ್ನು ಮತ್ತೆ ತೆರೆಯುತ್ತಾನೆ. ಒಂದು ಬೇಡಿಕೆ ಎರಡಾಗುತ್ತದೆ. ದಾಖಲೆಯಾದೊಡನೆ ಸರ್ವರ್ 303 ಎಂಬ ಸಂಕೇತದ ಮೂಲಕ ಬ್ರೌಸರನ್ನು ಬೇರೆ ಪುಟಕ್ಕೆ ಕಳುಹಿಸಿದರೆ ಪುಟವನ್ನು ಮರುತೆರೆದಾಗ ಬೇಡಿಕೆ ಮರುಕಳಿಸದು. ಪ್ರತಿ ನಮೂನೆಗೂ ಒಂದು ವಿಶಿಷ್ಟ ಗುರುತನ್ನು ನೀಡಿ, ಅದೇ ಗುರುತು ಎರಡನೆಯ ಬಾರಿ ಬಂದಾಗ ಹಳೆಯ ಕ್ರಮಸಂಖ್ಯೆಯನ್ನೇ ತೋರಿಸಿದರೆ ಎರಡು ಬಾರಿ ಗುಂಡಿ ಒತ್ತಿದರೂ ಬಾಧಕವಿಲ್ಲ.

ನಕ್ಷೆ ಅಥವಾ ರೇಖಾಚಿತ್ರಗಳ ಕಡತಗಳನ್ನು ಸ್ವೀಕರಿಸುವ ತಯಾರಕರು ಕಡತದ ಗಾತ್ರ ಮತ್ತು ಪ್ರಕಾರಕ್ಕೆ ಮಿತಿ ಹಾಕಿ, ಹೊಸ ಹೆಸರಿನಿಂದ ಜಾಲತಾಣದ ಹೊರಗಿನ ಕಡತಕೋಶದಲ್ಲಿ ಇರಿಸಬೇಕು. ಚಿತ್ರದ ಸೋಗಿನಲ್ಲಿ ಬಂದ ಕ್ರಮವಿಧಿಯು ಸರ್ವರ್‌ನಲ್ಲಿ ಚಾಲನೆಗೊಳ್ಳಲು ಅವಕಾಶವಿರಬಾರದು.

ಕಾನೂನು ಮತ್ತು ಮಾಲೀಕರ ಪರೀಕ್ಷೆ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಸೂಕ್ತ ರಕ್ಷಣಾ ಕ್ರಮಗಳನ್ನು ಕೈಗೊಳ್ಳದ ಸಂಸ್ಥೆಗಳಿಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶ ನೀಡಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಅಧಿಸೂಚಿತವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ. ದರಪಟ್ಟಿ ಕಳುಹಿಸಲು ಜನ್ಮದಿನಾಂಕ ಬೇಕಾಗಿಲ್ಲ. ಅನಗತ್ಯವಾದುದನ್ನು ಕೇಳದಿದ್ದರೆ ಕಾಪಾಡುವ ಹೊಣೆಯೂ ಇರುವುದಿಲ್ಲ.

ತಂತ್ರಾಂಶ ತಜ್ಞರ ನೆರವಿಲ್ಲದೆಯೇ ಮಾಲೀಕರು ತಮ್ಮದೇ ಜಾಲತಾಣದಲ್ಲಿ ಕೆಲವು ಪರೀಕ್ಷೆಗಳನ್ನು ಮಾಡಬಹುದು. ಮಂಗಳೂರು ಕಡೆಯ ‘ಡಿ’ಸೋಜಾ’ ಎಂಬ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ, ನಡುವಿನ ಚಿಹ್ನೆಯ ಸಹಿತ ತುಂಬಿ ಕಳುಹಿಸಬೇಕು. ದೋಷಸಂದೇಶ ಬಂದರೆ ಎಸ್‌ಕ್ಯುಎಲ್ ಆಜ್ಞೆಯೊಳಗೆ ಹೆಸರನ್ನು ಅಂಟಿಸಲಾಗುತ್ತಿದೆ ಎಂಬ ಸಂಶಯಕ್ಕೆ ಕಾರಣವಿದೆ. ಪ್ರಮಾಣದಲ್ಲಿ ಋಣ ಸಂಖ್ಯೆಯನ್ನೂ ಹೆಸರಿನಲ್ಲಿ ಉದ್ದನೆಯ ಕನ್ನಡ ಪದವನ್ನೂ ತುಂಬಿ ನೋಡಬೇಕು. ಸಲ್ಲಿಸಿದ ಬಳಿಕ ಪುಟವನ್ನು ಮತ್ತೆ ತೆರೆದು ಬೇಡಿಕೆ ಎರಡಾಯಿತೇ ಎಂದು ಪರಿಶೀಲಿಸಬೇಕು. ಅಂಚೆಗೆ ಬಂದ ಬೇಡಿಕೆಗಳ ಸಂಖ್ಯೆಯನ್ನು ದತ್ತಾಂಶ ಕೋಶದ ದಾಖಲೆಯೊಡನೆ ತಿಂಗಳಿಗೊಮ್ಮೆ ತಾಳೆ ನೋಡುವುದು, ನಗದು ಪುಸ್ತಕವನ್ನು ಬ್ಯಾಂಕಿನ ಲೆಕ್ಕದೊಡನೆ ತಾಳೆ ನೋಡುವಷ್ಟೇ ಅಗತ್ಯವಾದ ಕೆಲಸ. ಎರಡರ ನಡುವೆ ವ್ಯತ್ಯಾಸ ಕಂಡರೆ ಜಾಲತಾಣ ನಿರ್ಮಿಸಿದವರನ್ನು ಕೂಡಲೇ ಕರೆಸಿ ಅದರ ಕಾರಣವನ್ನು ಲಿಖಿತವಾಗಿ ಪಡೆಯತಕ್ಕದ್ದು.