ಶಿಶುವಿನ ಲಂಗೋಟಿ

ಅಂಗಳದ ಹಗ್ಗದ ಮೇಲೆ ಲಂಗೋಟಿಗಳು ಸಾಲಾಗಿ ಒಣಗುತ್ತಿದ್ದರೆ ಆ ಮನೆಯಲ್ಲಿ ತೊಟ್ಟಿಲು ಕಟ್ಟಿದೆಯೆಂದು ಹಿಂದೆ ಯಾರೂ ಹೇಳಬೇಕಾಗಿರಲಿಲ್ಲ. ಈಗ ಪಟ್ಟಣಗಳಲ್ಲಿ ಆ ಸ್ಥಾನವನ್ನು ಅಂಗಡಿಯ ಡೈಪರುಗಳು ಬಹುಮಟ್ಟಿಗೆ ಆಕ್ರಮಿಸಿವೆ. ಇದು ಗೃಹಸ್ಥರ ವಿಚಾರಕ್ಕೆ ಅರ್ಹವಾದ ವಿಷಯವೆಂದು ನಾವು ಭಾವಿಸುತ್ತೇವೆ.

ನಮಗೆ ಮೊಮ್ಮಗನು ಹುಟ್ಟಿದಾಗ ನಾವು ಬಟ್ಟೆಯ ಪಕ್ಷವನ್ನು ವಹಿಸಿ ದೀರ್ಘವಾಗಿ ಉಪದೇಶಿಸಿದೆವು. ಸೊಸೆಯು ಎಲ್ಲವನ್ನೂ ಕೇಳಿ, "ಆಗಲಿ ಮಾವ, ಒಗೆಯುವವರು ಯಾರು?" ಎಂದಳು. ನಮಗೆ ಉತ್ತರ ತೋರಲಿಲ್ಲ. ನಮ್ಮ ಮಕ್ಕಳು ಕೂಸುಗಳಾಗಿದ್ದಾಗ ಒಗೆದವರು ಅವರ ತಾಯಿಯೇ ಹೊರತು ನಾವಲ್ಲ. ಮೂವತ್ತೈದು ವರ್ಷ ಪರರನ್ನು ಪ್ರಶ್ನಿಸಿದ ಉಪಾಧ್ಯಾಯನು ಆ ದಿನ ತಾನೇ ಪ್ರಶ್ನೆಗೆ ಸಿಕ್ಕಿಕೊಂಡನು. ಮರುದಿನದಿಂದ ಆ ಕೆಲಸವನ್ನು ನಾವೇ ಕೈಕೊಂಡೆವು.

ಚರಕಸಂಹಿತೆಯ ಶಾರೀರಸ್ಥಾನದಲ್ಲಿ, ಶಿಶುವಿನ ಹಾಸುಹೊದಿಕೆಗಳು ಮೃದುವೂ ಹಗುರವೂ ಶುಚಿಯೂ ಆಗಿರಬೇಕೆಂದೂ, ಮಲಮೂತ್ರಗಳು ಸೋಂಕಿದವುಗಳನ್ನು ಬಿಡಬೇಕೆಂದೂ, ಬೇರೆ ಇಲ್ಲದಿದ್ದರೆ ಅವುಗಳನ್ನೇ ಚೆನ್ನಾಗಿ ತೊಳೆದು, ಧೂಪವಿಟ್ಟು, ಒಣಗಿಸಿ ಬಳಸಬಹುದೆಂದೂ ಹೇಳಿದೆ. ಧೂಪವೊಂದನ್ನುಳಿದು ಲಂಗೋಟಿಯ ಶಾಸ್ತ್ರವೂ ಇಷ್ಟೇ.

ಹಲವು ಸಲ ಒಗೆದು ಮೆತ್ತಗಾದ ಹತ್ತಿಯ ಪಂಚೆ ಅಥವಾ ಸೀರೆಯು ಇದಕ್ಕೆ ಉತ್ತಮವಾದುದು. ಎಳೆಯ ಕೂಸಿಗೆ ದಿನಕ್ಕೆ 10-12 ಸಲ ಬದಲಾಯಿಸಬೇಕಾಗುವುದುಂಟು. ಆದುದರಿಂದ ಎರಡು ಡಜನ್ನಾದರೂ ಇರಬೇಕು. ಹೊಕ್ಕುಳಬಳ್ಳಿಯು ಬೀಳುವವರೆಗೆ ಅದರ ಕೆಳಗೆ, ಬಿಗಿಯಾಗದಂತೆ ಕಟ್ಟತಕ್ಕದ್ದು. ಒದ್ದೆಯಾದೊಡನೆ ಬಿಚ್ಚಬೇಕು. ಮಲವನ್ನು ಕಕ್ಕಸಿಗೆ ಜಾಡಿಸಿ, ಬಟ್ಟೆಯನ್ನು ಮೊದಲು ತಣ್ಣೀರಿನಲ್ಲಿ ಜಾಲಿಸಿ, ಅನಂತರ ಬಿಸಿನೀರು ಸಾಬೂನುಗಳಿಂದ ಒಗೆದು, ಸಾಬೂನು ಲೇಶವೂ ಉಳಿಯದಂತೆ ಅಲುಬಿ ಬಿಸಿಲಿಗೆ ಹರವಬೇಕು. ಉಳಿದ ಸಾಬೂನು ಎಳೆಯ ಚರ್ಮವನ್ನು ಕೆರಳಿಸುವುದು. ಬಟ್ಟೆಯನ್ನು ಮೆದುವಾಗಿಸಲು ಮಾರುವ ದ್ರವಗಳು ಹೀರುವ ಗುಣವನ್ನು ಕುಂದಿಸುತ್ತವೆ; ಅವು ಬೇಡ. ಮಳೆಗಾಲದಲ್ಲಿ ಇಸ್ತ್ರಿಯಿಂದ ತೇವವನ್ನು ಕಳೆಯಬಹುದು. ಕೆಲಸ ಮುಗಿದ ಮೇಲೆ ಕೈಗಳನ್ನು ಸಾಬೂನಿನಿಂದ ತೊಳೆಯಲು ಮರೆಯಬಾರದು.

ಡೈಪರಿನ ಪಕ್ಷವನ್ನೂ ಹೇಳಬೇಕು. 1961ರಲ್ಲಿ ಅಮೆರಿಕದಲ್ಲಿ 'ಪ್ಯಾಂಪರ್ಸ್' ಮಾರಾಟಕ್ಕೆ ಬಂದ ಮೇಲೆ ಈ ವಸ್ತುವು ಬಹಳ ಸುಧಾರಿಸಿದೆ. ಮರದ ತಿರುಳಿನೊಡನೆ ಬೆರೆಸಿದ ಒಂದು ಪುಡಿಯು ಮೂತ್ರವನ್ನು ಹೀರಿ ಲೋಳೆಯಾಗುವುದರಿಂದ ಚರ್ಮವು ಒಣಗಿರುತ್ತದೆ. ಒದ್ದೆಬಟ್ಟೆಯಲ್ಲಿ ಬಹುಹೊತ್ತು ಬಿಟ್ಟ ಕೂಸಿಗಿಂತ ಒಳ್ಳೆಯ ಡೈಪರಿನ ಕೂಸೇ ಸುಖಿ. ಆದರೆ ಅದರ ಪ್ಲಾಸ್ಟಿಕ್ ಭಾಗವು ಮಣ್ಣಿನಲ್ಲಿ ಕೊಳೆಯುವುದಿಲ್ಲ. ಅದನ್ನು ಪ್ರತ್ಯೇಕವಾಗಿ ಸುತ್ತಿ ಕಸದವರಿಗೆ ಕೊಡಬೇಕೆಂದು ನಮ್ಮ ದೇಶದಲ್ಲಿ 2016ರಲ್ಲಿಯೇ ನಿಯಮವಾಯಿತು. ಚರಂಡಿಗೆ ಎಸೆಯುವ ಕೈಗಳು ಮಾತ್ರ ಇನ್ನೂ ನಿಂತಿಲ್ಲ. ಬಟ್ಟೆಯ ಲಾಭವೂ ಒಗೆಯುವ ಕ್ರಮವನ್ನೇ ಅವಲಂಬಿಸಿದೆಯೆಂದು 2008ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ವರದಿಯೊಂದು ತೋರಿಸಿತು: ಯಂತ್ರವನ್ನು ತುಂಬಿಸಿ ಒಗೆದು, ಗಾಳಿಯಲ್ಲಿ ಒಣಗಿಸಿ, ಎರಡನೆಯ ಮಗುವಿಗೂ ಅವನ್ನೇ ಬಳಸಿದರೆ ಲಾಭವು ಹೆಚ್ಚು. ಬಿಸಿಲು ಧಾರಾಳವಾಗಿರುವ ನಮಗೆ ಇದು ಕಷ್ಟವಲ್ಲ.

ನಮ್ಮ ಮನೆಯಲ್ಲಿ ಹಗಲು ಬಟ್ಟೆ, ರಾತ್ರಿಗೂ ಪ್ರಯಾಣಕ್ಕೂ ಡೈಪರು ಎಂದು ಒಪ್ಪಂದವಾಯಿತು. ಒಂದು ಸಲ ಮಗುವಿನ ತೊಡೆಸಂದಿ ಕೆಂಪಾದಾಗ, ದೋಷವು ಡೈಪರಿನದಲ್ಲ, ಆತುರದಲ್ಲಿ ಸರಿಯಾಗಿ ಅಲುಬದ ನಮ್ಮ ಕೈಯದೆಂದು ತಿಳಿದು ನಾಚಿದೆವು. ಇಂತಹ ಕೆಂಪು ಎರಡು ಮೂರು ದಿನಗಳಲ್ಲಿ ಇಳಿಯದಿದ್ದರೆ ವೈದ್ಯರಿಗೆ ತೋರಿಸತಕ್ಕದ್ದು.

ವಾಚಕ ಮಹಾಶಯರಲ್ಲಿ ನಮ್ಮ ಅರಿಕೆಯಿಷ್ಟೇ: ಬಟ್ಟೆಯೇ ಲೇಸೆಂದು ಸೊಸೆಗೆ ಹೇಳುವ ಮುಂಚೆ ಬಕೆಟ್ಟನ್ನು ಎತ್ತಿಕೊಳ್ಳಿರಿ. ಆಮೇಲೆ ಹೇಳಬೇಕಾದುದು ಬಹಳ ಉಳಿಯುವುದಿಲ್ಲ.